ಅಣ್ಣ ಅಲ್ಲ, ವಿಮೋಚಕ

"ಒಂದ ಸಾಲಿಗಷ್ಟ ಜಾಗ ಉಳದದ ನೋಡ್ರಿ. ಏನ್ ಬರೀಲಿ?" ಹುಮನಾಬಾದಿನ ಕಲ್ಲು ಕೆತ್ತುವ ಬಂಡೆಪ್ಪ ಸೀಮೆಸುಣ್ಣ ಹಿಡಿದು ಕೇಳಿದ. ಸಮಾಧಿಯ ಕಲ್ಲಿನ ಮೇಲೆ ಸೋನುಬಾಯಿಯ ಹೆಸರು ಆಗಲೇ ಮೂಡಿತ್ತು.

"ನನ್ನ ವಿಮೋಚಕನು ಜೀವಿಸುತ್ತಾನೆ ಅಂತ ಬರಿಯಪ್ಪಾ" ಎಂದರು ಪಾಸ್ಟರ್ ಮಾಣಿಕಪ್ಪ. "ಮೈತುಂಬ ಹುಣ್ಣಾಗಿ ಬೂದ್ಯಾಗ ಕುಂತ ಯೋಬ ಅಂದ ಮಾತದು. ಸತ್ತು ಮಣ್ಣಾದ್ರೂ ನನ್ನ ದೇವ್ರನ್ನ ನೋಡ್ತೀನಿ ಅಂದ. ಸೋನುಬಾಯಿಗಿ ಭಾಳ ಸೇರ್ತಿತ್ತು."

ಸೇರುತ್ತಿತ್ತು, ನಿಜ. ಆದರೆ ಅವಳ ನಾಲಿಗೆಯಲ್ಲಿ ಅದು ಒಂದು ದಿನವೂ ನೆಟ್ಟಗೆ ಹೊರಳಲಿಲ್ಲ. ಬಸವಕಲ್ಯಾಣದ ಚರ್ಚಿನಲ್ಲಿ ಭಾನುವಾರ ಸೆರಗು ಹೊದ್ದು ಎದ್ದು ನಿಂತು "ನಮ್ಮಣ್ಣ ಜೀವಂತ ಅದಾನ" ಎನ್ನುವಳು. "ಅಣ್ಣ ಅಲ್ಲವ್ವಾ, ವಿಮೋಚಕ" ಎಂದು ಪಾಸ್ಟರ್ ತಿದ್ದುವರು. "ಹೌದ್ರಿ" ಎನ್ನುವಳು. ಮುಂದಿನ ವಾರ ಮತ್ತೆ ಅಣ್ಣನೇ. ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಹಿಂದಿನ ಸಾಲಿನವರು ಕಿಸಕ್ಕೆನ್ನುವರು. ಮಗಳು ರತ್ನಮಾಲಾ ನಾಚಿ ತಲೆ ತಗ್ಗಿಸುವಳು. "ಒಂದ ಶಬ್ದ ನೆನಪಿಡಾಕ ಆಗಲ್ಲೇನವ್ವಾ ನಿನಗ?" ಎಂದು ಮನೆಯಲ್ಲಿ ಬೈದದ್ದೂ ಉಂಟು. ಅವ್ವ ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ಆ ನಗು ಇನ್ನು ಬೇಕೆಂದರೂ ಸಿಗದು.

"ಅವ್ವ ಅಂದಂಗೇ ಬರೀಲಿ ಪಾಸ್ಟರ್" ಎಂದಳು ರತ್ನಮಾಲಾ.

"ತಪ್ಪು ಮಾತು ಕಲ್ಲಿನ್ಯಾಗ ಕೊರಸ್ತಾರೇನವ್ವಾ? ಮಂದಿ ನಗ್ತಾರ."

ಮಣ್ಣು ಕೊಟ್ಟ ದಿನ ಘಾಟಬೋರಾಳದಿಂದ ಬಂದ ಮುದುಕಿ ಅಸ್ಗರಿ ಹೇಳಿದ್ದನ್ನು ರತ್ನಮಾಲಾ ಪಾಸ್ಟರಿಗೆ ಹೇಳಿದಳು. ಅವ್ವ ಒಂಬತ್ತು ವರ್ಷದ ಹುಡುಗಿಯಾಗಿ ಅಲ್ಲಿನ ಗೌಡರ ವಾಡೆಯಲ್ಲಿ ಜೀತಕ್ಕಿದ್ದಳು. ಅಸ್ಗರಿಯೂ ಅಲ್ಲೇ ಸಗಣಿ ಬಳಿಯುತ್ತಿದ್ದಳು. ಒಂದು ಬೆಳಿಗ್ಗೆ ಅವ್ವನ ಅಣ್ಣ ಮಚ್ಚೇಂದ್ರ ಬಂದು ಅಂಗಳದಲ್ಲಿ ನಿಂತ. "ತಂಗೀನ್ನ ಬಿಡ್ರಿ. ಆಕಿ ಬದಲಿ ನಾ ಇರ್ತೀನಿ" ಎಂದ. ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿ ತಾನು ಹೊತ್ತುಕೊಂಡು "ಮನಿಗಿ ಓಡು" ಎಂದ. ಅವಳು ಓಡಿದಳು. ಅವನು ಆ ವಾಡೆಯಲ್ಲೇ ದುಡಿದು ಸತ್ತ. ಹೊಲದ ಬದುವಿನಲ್ಲಿ ಹೂಳಿದರು. ಗುರುತಿಗೊಂದು ಕಲ್ಲೂ ಇಲ್ಲ.

"ನಾನೂ ಬೈದೀನ್ರಿ ಆಕಿಗಿ" ಎಂದಳು ರತ್ನಮಾಲಾ.

ಮಾಣಿಕಪ್ಪ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಹಳೆ ಒಡಂಬಡಿಕ್ಯಾಗ ವಿಮೋಚಕ ಅನ್ನೋ ಶಬ್ದಕ್ಕ ಅದೇ ಅರ್ಥ ಅದವ್ವಾ. ಪರರ ಕೈಯಾಗ ಸಿಕ್ಕವರನ್ನ ಬಿಡಿಸ್ಕೊಂಡು ಬರಾಂವ ರಕ್ತಸಂಬಂಧಿ. ಮೊದ್ಲು ಒಡಹುಟ್ಟಿದಾಂವ. ನಾ ಪಾಸ್ಟರ್ ಪರೀಕ್ಷಾದಾಗ ಇದನ್ನೇ ಬರದು ಪಾಸಾಗೀನಿ. ಆಕಿನ್ನ ಇಪ್ಪತ್ತು ವರ್ಷ ತಿದ್ದಿದೆ, ನೋಡು."

ಅವರೇ ಸೀಮೆಸುಣ್ಣ ಇಸಿದುಕೊಂಡು ಬರೆದರು. ಬಂಡೆಪ್ಪನ ಉಳಿ ಸಂಜೆಯವರೆಗೂ ಟಕಟಕ ಎಂದಿತು.

ಅವನು ಪುಡಿ ಊದಿ ಸರಿದು ನಿಂತಾಗ ರತ್ನಮಾಲಾ, ಅಕ್ಷರ ಬಾರದ ಅವ್ವನಿಗೆ ತೋರಿಸುವಂತೆ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. "ನಮ್ಮಣ್ಣ ಜೀವಂತ ಅದಾನ."

ಪಾಸ್ಟರ್ ಕಲ್ಲಿನ ಕಡೆ ನೋಡುತ್ತ "ಹೌದ್ರಿ" ಎಂದರು.