ಬೇಲಿಯ ಹೊರಗಿನ ಹೊರಬೀಡು

ನಮ್ಮ ಯಜಮಾನರು ಬೆಟ್ಟಯ್ಯನವರಿಗೆ ಸಂಬಳದ ಕೆಲಸ ಸಿಕ್ಕಾಗ ಅತ್ತಿಗುಪ್ಪೆಯಲ್ಲಿ ನನ್ನಷ್ಟು ಹಿಗ್ಗಿದವಳು ಇನ್ನೊಬ್ಬಳಿರಲಿಲ್ಲ. ಖಾಕಿ ಅಂಗಿ, ಸೊಂಟದಲ್ಲಿ ಬೀಗದ ಕೈ. ಲಗ್ಗೆರೆಯ ನನ್ನ ತವರಿಗೂ ಸುದ್ದಿ ಮುಟ್ಟಿಸಿದೆ. ಕೆಲಸ ಏನೆಂದು ಮಾತ್ರ ಹೇಳಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

ಊರ ಮುಂದಿನ ಗುಂಡುತೋಪಿಗೆ ಸರ್ಕಾರದವರು ತಂತಿಬೇಲಿ ಹಾಕಿ, ನಾಲ್ಕು ಕಲ್ಲುಬೆಂಚು ಇಟ್ಟು, ಪಾರ್ಕು ಎಂದು ಬೋರ್ಡು ನೆಟ್ಟಿದ್ದರು. ಒಳಗೆ ಕಾಲಿಡಲು ತಲೆಗೆ ಒಂದಾಣೆ ಎಂದೂ ಅದರಲ್ಲೇ ಬರೆದಿತ್ತು. ದನ ಬಿಟ್ಟರೆ ದಂಡ, ತರಗು ಗುಡಿಸಿದರೆ ದಂಡ. ಮಾವು, ಹೊಂಗೆ, ನೇರಳೆ ಎಲ್ಲವನ್ನೂ ನೆಟ್ಟವರು ಊರಿನ ಮುತ್ತಜ್ಜಂದಿರು. ಅದರ ನೆರಳಿಗೆ ಒಂದಾಣೆಯಂತೆ! ಆ ಟಿಕೆಟ್ಟು ಹರಿದು ಕೊಡುವವರು ನನ್ನ ಗಂಡ. ಊರಿನವರು ಬೈದರು, ಅರ್ಜಿ ಬರೆಸಿದರು, ಕೊನೆಗೆ ಆ ಕಡೆ ಹೋಗುವುದನ್ನೇ ಬಿಟ್ಟರು. ನಾನು ಬಿಂದಿಗೆ ಹಿಡಿದು ಹೋದರೆ ಬಾವಿಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು.

ಅಷ್ಟರಲ್ಲಿ ಹೊರಬೀಡು ಬಂತು. ವರ್ಷಕ್ಕೊಂದು ದಿನ ಊರಿಗೆ ಊರೇ ಕದ ಹಾಕಿಕೊಂಡು ಹೊರಗೆ ಹೋಗಿ ಬೇಯಿಸಿ ಉಣ್ಣುವ ಪದ್ಧತಿ ಅದು. ಅವತ್ತು ಊರೊಳಗೆ ಒಲೆ ಹೊತ್ತುವಂತಿಲ್ಲ, ಒಂದು ನರಪಿಳ್ಳೆಯೂ ಉಳಿಯುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ದಾರಿಹೋಕರೊಬ್ಬರು ಮೊದಲು ಉಂಡ ಹೊರತು ಊರಿನವರು ತುತ್ತು ಮುಟ್ಟಬಾರದು. ಯಾವತ್ತೂ ಇದೆಲ್ಲ ನಡೆಯುತ್ತಿದ್ದುದು ತೋಪಿನಲ್ಲೇ.

ಹಿಂದಿನ ದಿನ ಪಟೇಲ ಮರಿಯಪ್ಪನವರು ನಮ್ಮ ಜಗಲಿಗೆ ಬಂದು ಕೂತರು.

"ನಾಳೆ ಒಂದಿನ ಗೇಟು ತೆಗೀತೀಯೇನಪ್ಪಾ ಬೆಟ್ಟಯ್ಯ?"

ಯಜಮಾನರ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾಯಿತು. "ಟಿಕೆಟ್ ಇಲ್ದೆ ಬಿಟ್ರೆ ಕೆಲ್ಸ ಹೋಯ್ತದೆ ಪಟೇಲ್ರೇ. ಬೇಕಾದ್ರೆ ಎಲ್ಲರ ಟಿಕೆಟ್ಟೂ ನನ್ ಸಂಬಳದಾಗೇ ಮುರ್ಕೊಳ್ಳಿ ಅಂತ ಸಾಹೇಬ್ರಿಗೆ ಹೇಳ್ತೀನಿ."

ಒಳಗಿನಿಂದ ನಮ್ಮತ್ತೆ ಅಕ್ಕಯ್ಯಮ್ಮ ಬಂದರು. "ಪ್ಲೇಗು ಬಂದ ವರ್ಷ ಊರೆಲ್ಲ ಆ ತೋಪ್ನಾಗೆ ಗುಡ್ಲು ಹಾಕ್ಕಂಡಿತ್ತು. ನಾನು ಹುಟ್ಟಿದ್ದೇ ಅಲ್ಲಿ, ನೇರಳೆ ಮರದ ಬುಡದಾಗೆ. ಹುಟ್ಟಿದ ಮನೆಗೆ ಟಿಕೆಟ್ ತಗಂಡು ಹೋಗ್ಲೇನ್ಲಾ? ನೀನು ದುಡ್ಡು ಕಟ್ಟೋದೂ ಬ್ಯಾಡ, ಕದ್ದು ಬಿಡೋದೂ ಬ್ಯಾಡ. ಬೇಲಿ ಹೊರಗೇ ಬೇಯಿಸ್ತೀವಿ."

ಆ ಮುದುಕಿಯ ಮೇಲೆ ನನಗೆ ಸಿಟ್ಟು ಬಂತು. ಅಷ್ಟೇ ಹೆಮ್ಮೆಯೂ ಆಯಿತು.

ಮಾರನೆಯ ದಿನ ಇನ್ನೂರು ಜನ ಬೇಲಿಯ ಹೊರಗೆ, ರಸ್ತೆಯ ಅಂಚಿನಲ್ಲಿ ಕಲ್ಲು ಹೂಡಿ ಒಲೆ ಹಚ್ಚಿದೆವು. ಸುಡುವ ಬಿಸಿಲು. ಎರಡು ಮಾರು ಆಚೆ ತಂಪು ನೆರಳು, ಅದರಲ್ಲಿ ನನ್ನ ಗಂಡ ಒಬ್ಬರೇ. "ಹಾಳೂರಿಗೆ ಉಳಿದೋನೇ ಗೌಡ" ಎಂದು ಯಾರೋ ಕಿಚಾಯಿಸಿದರು. ಯಜಮಾನರು ಕೇಳಿಸದವರಂತೆ ನಿಂತಿದ್ದರು.

ಮುದ್ದೆ ಆಯಿತು, ಹುರುಳಿ ಸಾರು ಆಯಿತು, ಮುತ್ತುಗದ ಎಲೆಯೂ ಹಾಕಿಯಾಯಿತು. ದಾರಿಹೋಕರೇ ಇಲ್ಲ! ಹೊತ್ತು ನೆತ್ತಿಗೇರಿತು, ಮಕ್ಕಳು ರಚ್ಚೆ ಹಿಡಿದವು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಯಜಮಾನ್ರ ಪಾಲು ಆಮೇಲೆ ಬೇಲಿ ಮೇಲಿಂದ ಕೊಟ್ಬಿಡ್ಲಾ?"

"ಹೊರಬೀಡಿನ ಊಟ ಪಂಕ್ತಿಯಾಗೇ ಕುಂತು ಉಣ್ಬೇಕು ಕಣೇ ಪುಟ್ಟಲಕ್ಷ್ಮಿ." ಅತ್ತೆ ಬೇಕೆಂದೇ ಗೇಟಿಗೆ ಕೇಳುವಂತೆ ಹೇಳಿದರು. "ಊರಿನವನಾದ್ರೆ ಬರ್ತಾನೆ. ಪಾರ್ಕಿನವನಾದ್ರೆ ಅಲ್ಲೇ ಇರ್ಲಿ."

ಯಜಮಾನರು ಟಿಕೆಟ್ಟಿನ ಪುಸ್ತಕವನ್ನು ಜೇಬಿಗೆ ಇಟ್ಟುಕೊಂಡರು. ಆಮೇಲೆ ಹೊರಗೆ ಬಂದು, ಗೇಟಿಗೆ ಬೀಗ ಹಾಕಿ, ಪಂಕ್ತಿಯ ತುದಿಯಲ್ಲಿ ಕೂತರು. ಕೆಲಸ ಹೋಯಿತು ಅಂದುಕೊಂಡೆ. ಹಾಗಂದುಕೊಳ್ಳುವಷ್ಟರಲ್ಲೇ ಧೂಳೆಬ್ಬಿಸಿಕೊಂಡು ಜೀಪು ಬಂತು. ಇಳಿದವರು ಇವರನ್ನು ಕೆಲಸಕ್ಕೆ ಇಟ್ಟ ಸಾಹೇಬರು.

"ಗೇಟ್ ಬಿಟ್ಟು ಇಲ್ಲೇನು ಮಾಡ್ತಿದೀಯಾ ಬೆಟ್ಟಯ್ಯ?"

ಯಜಮಾನರು ಎದ್ದು ನಿಂತು ಬೀಗದ ಕೈ ಮುಂದೆ ಹಿಡಿದರು. "ಊರಿನ ಹೊರಬೀಡು ಸಾರ್. ನಾನೂ ಊರಿನವ್ನು." ನನ್ನ ಗಂಡನನ್ನು ನಾನು ಮೊದಲ ಸಲ ನೋಡಿದೆ ಅನ್ನಿಸಿತು.

ಸಾಹೇಬರು ಕೈ ಚಾಚುವ ಮುಂಚೆಯೇ ಮರಿಯಪ್ಪನವರು ನೀರಿನ ಚೊಂಬು ಹಿಡಿದು ನಿಂತರು. "ಕೈ ತೊಳ್ಕಳಿ ಸ್ವಾಮಿ. ದಾರಿಹೋಕ್ರು ಉಣ್ಣದೆ ನಾವು ಉಣ್ಣಂಗಿಲ್ಲ. ಮಕ್ಳು ಬೆಳಗಿಂದ ಹಸಕಂಡವೆ. ಈ ದಾರಿಯಾಗೆ ಬಂದೋರು ನೀವೊಬ್ರೇ."

ಸಾಹೇಬರು ಮಕ್ಕಳ ಮುಖ ನೋಡಿದರು. ಬೂಟು ಬಿಚ್ಚಿ ಕೂತರು.

ನಾಲ್ಕು ತುತ್ತಿಗೆ ಬೆವರು ಗಲ್ಲದಿಂದ ಎಲೆಗೆ ಇಳಿಯತೊಡಗಿತು. "ಪಕ್ಕದಲ್ಲೇ ಇಷ್ಟು ನೆರಳಿದೆ, ಬಿಸಿಲಲ್ಲಿ ಯಾಕ್ರೀ ಕೂತಿದೀರಾ?"

ಎಲ್ಲರೂ ಒಂದಾಣೆಯ ಬೋರ್ಡಿನ ಕಡೆ ನೋಡಿದರು. ಸಾಹೇಬರೂ ನೋಡಿದರು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಗೇಟ್ ತೆಗಿ ಬೆಟ್ಟಯ್ಯ. ಎಲ್ರೂ ಒಳಗೆ ಬನ್ನಿ."

ಅತ್ತೆ ಅವರ ಎಲೆಗೆ ಇನ್ನೊಂದು ಮುದ್ದೆ ಇಟ್ಟರು. "ಹೂಡಿದ ಒಲೆ ಆರೋಗಂಟ ಜಾಗ ಬಿಡಬಾರ್ದು ಸ್ವಾಮಿ. ಇವತ್ತಿಗೆ ಇಲ್ಲೇ ಉಣ್ಣಿ."

ಸಾಹೇಬರು ಬಿಸಿಲಲ್ಲೇ ಕೂತು ಎರಡನೆಯ ಮುದ್ದೆಯನ್ನೂ ಮುಗಿಸಿದರು. ಆಮೇಲೆ ನಾವು ಉಂಡೆವು. ಹೊರಡುವಾಗ ಅವರು ಬೀಗದ ಕೈ ಕೇಳಲಿಲ್ಲ; ಬೋರ್ಡಿನ ವಿಚಾರ ಮೇಲಕ್ಕೆ ಬರೀತೀನಿ ಎಂದಷ್ಟೇ ಹೇಳಿದರು.

ಆ ಬರಹ ಮೇಲಕ್ಕೆ ಹೋಗಿ ಕೆಳಗಿಳಿಯಲು ಎಂಟು ತಿಂಗಳು ಹಿಡಿಯಿತು. ಮುಂದಿನ ಹೊರಬೀಡಿಗೆ ಬೋರ್ಡಿರಲಿಲ್ಲ. ಅತ್ತೆ ನೇರಳೆ ಮರದ ಹತ್ತಿರವೇ ಒಲೆ ಹೂಡಿದರು. ಯಜಮಾನರ ಖಾಕಿ ಅಂಗಿ ಉಳಿಯಿತು, ಟಿಕೆಟ್ಟು ಹರಿಯುವ ಬದಲು ಸಸಿಗಳಿಗೆ ನೀರು ಹಾಕುತ್ತಿದ್ದರು. ಅವತ್ತು ಲಗ್ಗೆರೆಯಿಂದ ಬಂದಿದ್ದ ನಮ್ಮಮ್ಮ, "ಅಳಿಯಂದ್ರದು ಅದೇನು ಕೆಲ್ಸವೇ?" ಎಂದು ಕೇಳಿದಳು.

"ನಮ್ಮೋರು ತೋಪು ಕಾಯ್ತಾರೆ" ಎಂದೆ, ಪಂಕ್ತಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.