ಉಗುರಿನಡಿಯ ಗೆರೆ

ಬೆಳಿಗ್ಗೆ ಅಂಗಡಿ ಬಾಗಿಲು ತೆರೆದವಳೇ ಟೈಲರಕ್ಕ ಮೊದಲು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಮುಚ್ಚಬೇಕಾದದ್ದು ಬಲಗೈ ಹೆಬ್ಬೆರಳಿನ ಉಗುರೊಂದೇ; ಅನುಮಾನ ಬರಬಾರದೆಂದು ಹತ್ತಕ್ಕೂ ಹಚ್ಚುವಳು. "ಈ ವಯಸ್ಸಲ್ಲಿ ಶೋಕಿ ನೋಡು" ಎಂದು ಅತ್ತೆ ಛೇಡಿಸಿದರೆ ನಕ್ಕುಬಿಡುತ್ತಿದ್ದಳು.

ವರ್ಷದ ಹಿಂದೆ ದಾರದಷ್ಟಿದ್ದ ಕಪ್ಪು ಗೆರೆ ಈಗ ಲಾಡಿಯಷ್ಟು ಅಗಲವಾಗಿತ್ತು. ಕತ್ತರಿ ತಗುಲಿ ರಕ್ತ ಹೆಪ್ಪುಗಟ್ಟಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೂ ಹರಡಿದ್ದು ಕಂಡ ದಿನ ಪಾಲಿಶ್ ಒರೆಸಿದಳು. ಗಂಡನಿಗೆ ತೋರಿಸಿದಳು.

ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಡಾಕ್ಟರಮ್ಮ "ಚರ್ಮದ ಕ್ಯಾನ್ಸರ್" ಎಂದರು.

"ನಮ್ಮಮ್ಮನಿಗೂ ಬೆನ್ನ ಮೇಲೆ ಆಗಿತ್ತು. ಕೊಯ್ದು ಹೊಲಿಗೆ ಹಾಕಿದ್ರು, ಸಂಜೆಗೆ ಮನೇಲಿದ್ರು. ನಂಗೂ ಹಾಗೇ ಮಾಡಿ ಡಾಕ್ಟ್ರೇ."

"ಬೆನ್ನಲ್ಲಿ ಚರ್ಮ ಧಾರಾಳವಾಗಿರುತ್ತಮ್ಮ. ಸುತ್ತ ಅಗಲಕ್ಕೆ ತೆಗೆದು, ಎಳೆದು ಹೊಲೀಬಹುದು. ಉಗುರಿನ ಕೆಳಗೆ ತೆಳು ಚರ್ಮ, ಅದರಡಿಗೇ ಮೂಳೆ. ನಿಮ್ಮದು ಆಳಕ್ಕಿಳಿದಿದೆ. ಬೆರಳನ್ನ ಮೊದಲ ಗೆಣ್ಣಿನವರೆಗೆ ತೆಗೀಬೇಕು. ಕಂಕುಳಿಗೆ ಹರಡಿದ್ಯಾ ಅಂತ ಅಲ್ಲಿಂದ ಒಂದು ಗಂಟು ತೆಗೆದೂ ನೋಡ್ಬೇಕು."

ಗಂಡನಿಗೆ ನಂಬಿಕೆ ಬರಲಿಲ್ಲ. "ಬಿಸಿಲಲ್ಲಿ ದುಡಿಯೋಳಲ್ಲ, ಬಿಳಿ ಚರ್ಮದೋಳೂ ಅಲ್ಲ. ಇವಳಿಗ್ಯಾಕೆ?"

"ಈ ಜಾತಿಯ ಕ್ಯಾನ್ಸರ್ ನಮ್ಮಂಥ ಬಣ್ಣದವರಿಗೆ ಹೆಚ್ಚಾಗಿ ಬರೋದು ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನಡಿ. ಅಲ್ಲಿ ಬಿಸಿಲಿನ ಪಾತ್ರ ಕಡಿಮೆ. ಅಲ್ಲೆಲ್ಲ ಯಾರು ನೋಡ್ಕೋತಾರೆ ಹೇಳಿ? ಅದಕ್ಕೇ ತಡವಾಗೋದು."

ಮನೆಗೆ ಬಂದವಳು ಹೆಬ್ಬೆರಳಿನ ತುದಿ ಮಡಚಿ ಕತ್ತರಿ ಹಿಡಿದು ನೋಡಿದಳು. ಬಟ್ಟೆ ಜಾರಿತು, ಗೆರೆ ಸೊಟ್ಟಗಾಯಿತು. ಮೂರನೆಯ ಸಲ ಕತ್ತರಿ ಕೈಯಿಂದ ಬಿತ್ತು. "ನಾನು ಮಾಡಿಸ್ಕೊಳ್ಳಲ್ಲ" ಎಂದಳು.

ಗಂಡ ಕತ್ತರಿ ಎತ್ತಿಟ್ಟ. "ಬೆರಳಿಲ್ದೆ ಹೊಲಿಯೋದನ್ನ ನೀನು ಕಲೀತೀಯ. ನೀನಿಲ್ದೆ ಇರೋದನ್ನ ನಂಗೆ ಯಾರು ಕಲಿಸ್ತಾರೆ?"

ಮುಂದಿನ ಸೋಮವಾರ ಆಪರೇಷನ್ ಆಯಿತು. ಕಂಕುಳಿನ ಗಂಟಿನಲ್ಲಿ ಏನೂ ಇಲ್ಲವೆಂಬ ವರದಿ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬಂದ ಮೇಲೂ ಭಯ ಪೂರ್ತಿ ಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕಿತ್ತು.

ಮತ್ತೆ ಅಂಗಡಿಗೆ ಹೊರಟ ದಿನ ಅತ್ತೆ ಪಿಸುಗುಟ್ಟಿದರು. "ಕೇಳಿದೋರಿಗೆ ಮೆಷಿನ್ನಿಗೆ ಸಿಕ್ತು ಅನ್ನು. ಆ ಕಾಯಿಲೆ ಹೆಸರೆತ್ತಿದ್ರೆ ಗಿರಾಕಿಗಳು ಈ ಕಡೆ ತಲೆ ಹಾಕಲ್ಲ."

ಮೊದಲು ಬಂದವಳು ತನ್ನ ಮಗಳ ಶಾಲೆಯ ಸಮವಸ್ತ್ರ ಹೊಲಿಸಲು ಬಂದ ನರ್ಸರಿ ಟೀಚರ್. ಅವಳ ಕಣ್ಣು ಮೋಟು ಬೆರಳಿನ ಮೇಲೆ ನಿಂತಿತು. "ಅಯ್ಯೋ ಅಕ್ಕಾ, ಏನಾಯ್ತು?"

"ಮೆಷಿನ್ನಿಗೆ..." ಎಂದು ಶುರುಮಾಡಿದ ಟೈಲರಕ್ಕ ಅಲ್ಲಿಗೇ ನಿಲ್ಲಿಸಿದಳು. ಗಿರಾಕಿ ಎದ್ದು ಹೋಗಬಹುದು. ಆದರೂ ಹೇಳಿದಳು. ಗೆರೆ, ಬಣ್ಣ ಹಚ್ಚಿ ಮುಚ್ಚಿದ ವರ್ಷ, ಗೆಣ್ಣು, ಎಲ್ಲವನ್ನೂ.

ಟೀಚರ್ ಎದ್ದು ಹೋಗಲಿಲ್ಲ.

"ನಮ್ಮನೆಯವರ ಅಂಗಾಲಲ್ಲಿ ಒಂದು ಕಪ್ಪು ಮಚ್ಚೆ ಇದೆ ಅಕ್ಕಾ. ಶೂ ಕಚ್ಚಿದ್ದು ಅಂತಾರೆ. ಆರು ತಿಂಗಳಾಯ್ತು."

ಟೈಲರಕ್ಕ ಅಳತೆ ಟೇಪನ್ನು ಕೆಳಗಿಟ್ಟಳು. ಅಳತೆ ಬರೆಯುವ ಚೀಟಿ ಹರಿದು, ಪೆನ್ಸಿಲನ್ನು ತೋರುಬೆರಳು, ಮಧ್ಯದ ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಸೊಟ್ಟ ಅಕ್ಷರದಲ್ಲಿ ಡಾಕ್ಟರಮ್ಮನ ನಂಬರು ಬರೆದಳು.

"ಬಟ್ಟೆ ನಾಳೆಯೂ ಆಗುತ್ತೆ. ನೀನು ಈಗ ಈ ನಂಬರಿಗೆ ಫೋನ್ ಮಾಡು."