ಬಾಣಂತನ ಯಾರು ಮಾಡಿದರು?

ಕೊಲ್ಲಿ ದೇಶದ ಅಹ್ಮದಿಯ ತೈಲ ಕಂಪನಿ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಮೆರಿಕನ್ ಹೆಂಗಸು ಲೋರೇನ್‌ಗೆ ಒಂದೇ ಹುಚ್ಚು, ಸತ್ತವರನ್ನು ಹುಡುಕುವುದು. ಇಡೀ ದಿನ ಎ.ಸಿ. ಹಾಕಿಕೊಂಡು ಇಂಟರ್ನೆಟ್ಟಿನಲ್ಲಿ ತನ್ನ ಮುತ್ತಜ್ಜನ ತಾಯಿ ಹನ್ನಾಳ ಬೆನ್ನು ಹತ್ತಿದ್ದಳು. ನೂರೈವತ್ತು ವರ್ಷದ ಹಿಂದೆ ಎತ್ತಿನ ಬಂಡಿಯಲ್ಲಿ ಅಮೆರಿಕದ ಪಶ್ಚಿಮದ ತುದಿಗೆ ಹೋಗಿ, ಕಾಡು ಕಡಿದು ನೆಲೆ ನಿಂತವಳಂತೆ. ಯಾರ ಸೊಸೆ ಅಂತ ಗೊತ್ತು, ಯಾರ ಮಗಳು ಅಂತ ಗೊತ್ತಿಲ್ಲ.

ನನಗೋ ಆಗ ಎಂಟು ತಿಂಗಳು. ಬಿ.ಪಿ. ಏರಿದೆ, ವಿಮಾನ ಹತ್ತಬೇಡಿ ಅಂದಿದ್ದರು ಡಾಕ್ಟರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ಹಾಗಿಲ್ಲ. ಅವ್ವನನ್ನೇ ಕರೆಸೋಣವೆಂದರೆ ಗೋಕಾಕಿನ ಗುರುಸಿದ್ದವ್ವ, "ನೆಲಾ ಬಿಟ್ಟು ನಾ ಹಾರಂಗಿಲ್ಲ" ಎಂದು ಹಟ ಹಿಡಿದಿದ್ದಳು. ನನ್ನ ಗಂಡ ಶ್ರೀಕಾಂತ ಬೇಡಿಕೊಂಡರೂ ಜಗ್ಗಲಿಲ್ಲ. ಸಿಟ್ಟಿಗೆ ನಾನು ಫೋನ್ ಮಾಡುವುದನ್ನೇ ಬಿಟ್ಟಿದ್ದೆ. ಹೆರಿಗೆಯ ಹೊತ್ತಿಗೆ ಅವ್ವ ಇರುವುದಿಲ್ಲ ಎಂಬುದನ್ನು ನೆನೆದರೆ ಮಾತ್ರ ಕೈ ಮತ್ತೆ ಫೋನಿನತ್ತ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಲೋರೇನ್‌ಗೆ ಬುದ್ಧಿ ಹೇಳಲು ಹೋದೆ. "ಹನ್ನಾಳ ಮೊದಲ ಮಗು ಎಲ್ಲಿ ಹುಟ್ಟಿತು ನೋಡಿ. ಅದೇ ಊರಲ್ಲಿ ತವರುಮನೆ ಇರುತ್ತೆ."

ಅವಳು ನಕ್ಕಳು. "ದಾರಿಯಲ್ಲಿ, ಸೀಮಾ. ನದಿ ದಂಡೆಯಲ್ಲಿ, ಬಂಡಿಯೊಳಗೆ."

ನನ್ನ ಜಾಣತನ ಅಲ್ಲಿಗೇ ಮುಗಿಯಿತು. ಆದರೂ ಬಿಡಲಿಲ್ಲ. "ಹಾಗಾದರೆ ಬಾಣಂತನ ಯಾರು ಮಾಡಿದರು? ಎರೆದವರು, ಕೂಸನ್ನು ಎತ್ತಿಕೊಂಡವರು ಯಾರೋ ಇರಬೇಕಲ್ಲ?"

ಲೋರೇನ್ ತನ್ನ ಟಿಪ್ಪಣಿಗಳನ್ನು ತಿರುವಿ ನೋಡಿದಳು. ಆಮೇಲೆ ಹೇಳಿದಳು, "ಅಬಿಗೇಲ್ ಅಂತ ಒಬ್ಬ ಮುದುಕಿ ಜೊತೆಗಿದ್ದಳು. ಕೆಲಸದವಳು ಅಂತ ನಮ್ಮ ಮನೆಯವರ ಮಾತು. ಹನ್ನಾಳ ಪಕ್ಕದಲ್ಲೇ ಅವಳ ಗೋರಿ ಇದೆ."

"ಕೆಲಸದವಳನ್ನು ಮನೆಯ ಸೊಸೆಯ ಪಕ್ಕ ಹೂಳುತ್ತಾರಾ?"

ಅವತ್ತೇ ಅವಳು ಊರಿನಲ್ಲಿದ್ದ ತನ್ನ ತಮ್ಮನಿಗೆ ಮೇಲ್ ಮಾಡಿದಳು. ಆ ಗೋರಿಕಲ್ಲು ಅರ್ಧ ಮಣ್ಣಿನಲ್ಲಿ ಹೂತಿತ್ತು, ಹೆಸರಷ್ಟೇ ಕಾಣುತ್ತಿತ್ತು. ಗಂಡಸರ ವಂಶ ಹಿಡಿದು ಹುಡುಕಿದವರಾರಿಗೂ ಅದನ್ನು ಅಗೆದು ನೋಡಬೇಕು ಅನ್ನಿಸಿರಲಿಲ್ಲ. ತಮ್ಮ ಅಗೆದ. ಫೋಟೋ ಬಂದ ದಿನ ಲೋರೇನ್ ಬರಿಗಾಲಲ್ಲಿ ಲ್ಯಾಪ್‌ಟಾಪ್ ಹಿಡಿದು ಓಡಿಬಂದಳು. ಹೆಸರಿನ ಕೆಳಗೆ ಕೆತ್ತಿತ್ತು: ಹನ್ನಾಳ ತಾಯಿ.

ಅವಳೂ ಅತ್ತಳು, ನಾನೂ ಅತ್ತೆ. ಹಟ ಬಿಟ್ಟು ಗೋಕಾಕಿಗೆ ಫೋನ್ ಹಚ್ಚಿದೆ. ಅವ್ವ ಅಬಿಗೇಲಳ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಭಾಳ ವಯಸ್ಸಾಗಿತ್ತೇನ ಆಕಿಗೆ?"

"ನಿನ್ನ ವಾರಿಗೀನ ಇರಬೇಕ ಬೇ. ತಿಂಗಳಗಟ್ಟಲೆ ಬಂಡ್ಯಾಗ ಕುಂತು, ಹೊಳಿ ದಾಟಿ, ಗುಡ್ಡಾ ಏರಿ ಹೋದ್ಲಂತ."

"ತಿರುಗಿ ಊರಿಗೆ ಬಂದ್ಲೇನು?"

"ಇಲ್ಲ ಬೇ. ಮಗಳ ಕಡೇನ ಮಣ್ಣಾದ್ಲು."

 

"ವಿಮಾನದಾಗ ಎಷ್ಟ ತಾಸು?"

"ನಾಕ ತಾಸು."

"ಅಯ್ಯ ಖೋಡಿ, ಬರೇ ನಾಕ ತಾಸಾ! ಅಳ್ಯಾಗ ಹೇಳು, ವೀಸಾ ಕಳಸಲಿ. ಬಾಣಂತಿ ಉಂಡಿಗೆ ಅಂಟು, ಅಳವಿ ನಾ ತರತೇನಿ."